ಕಸದಿಂದ ರಸ: ಲಿಗ್ನಿನ್ ಚರಿತ್ರೆಯ ಒಂದು ವಿಮರ್ಶೆ

ಸಸ್ಯಶೇಷಗಳಲ್ಲಿ ಅಡಗಿರುವ ಲಿಗ್ನಿನ್ ಎಂಬ ದ್ರವ್ಯದಿಂದ ಅಂಟು, ಸುಗಂಧ, ರಸ್ತೆಯ ಡಾಂಬರು, ವಿದ್ಯುತ್ಕೋಶಗಳಿಗೆ ಬೇಕಾದ ಇಂಗಾಲ ಮೊದಲಾದುವನ್ನು ಪಡೆಯಬಹುದೆಂಬ ವಿಚಾರವು ಈಚಿನ ವರ್ಷಗಳಲ್ಲಿ ವಿಜ್ಞಾನಿಗಳ ವಲಯವನ್ನು ದಾಟಿ ಸಾಮಾನ್ಯ ವಾಚಕರನ್ನೂ ಮುಟ್ಟಿದೆ. ಕನ್ನಡದಲ್ಲಿ ಇಂತಹ ಪ್ರಯತ್ನಗಳನ್ನೆಲ್ಲ 'ಕಸದಿಂದ ರಸ' ಎಂಬ ಒಂದೇ ಮಾತಿನಿಂದ ನಿರ್ದೇಶಿಸುವುದು ರೂಢಿಯಾಗಿದೆ. ಮಾತು ಸುಂದರವಾದುದು, ಪ್ರಾಸವುಳ್ಳದ್ದು, ಕೇಳಿದೊಡನೆಯೇ ಮನಸ್ಸಿಗೆ ಒಪ್ಪುವಂತಹುದು. ಹೀಗೆ ಸುಲಭವಾಗಿ ಒಪ್ಪಿಗೆಯಾಗುವ ಮಾತುಗಳನ್ನೇ ನಾವು ಹೆಚ್ಚಿನ ಎಚ್ಚರದಿಂದ ಪರೀಕ್ಷಿಸಬೇಕಾಗುತ್ತದೆ.

ಪ್ರಯೋಗಶಾಲೆಯ ಫಲಿತಾಂಶಗಳನ್ನು ತೂಗಿನೋಡುವುದು ರಸಾಯನಶಾಸ್ತ್ರಜ್ಞರಿಗೆ ಸೇರಿದ ಕೆಲಸ. ಆದರೆ ಲಿಗ್ನಿನ್ನನ್ನು ಕುರಿತ ಜನಪ್ರಿಯ ಬರಹಗಳು ರಸಾಯನಶಾಸ್ತ್ರವನ್ನಷ್ಟೇ ಹೇಳಿ ಮುಗಿಸುವುದಿಲ್ಲ. ಅವು ಭೂತಕಾಲದ ಬಗೆಗೂ ಮೂರು ಪ್ರತಿಜ್ಞೆಗಳನ್ನು ಮುಂದಿಡುತ್ತವೆ. ಲಿಗ್ನಿನ್ ಈವರೆಗೆ ವ್ಯರ್ಥವಾಗಿ ಹೋಗುತ್ತಿದ್ದಿತೆಂಬುದು ಒಂದು. ಅದರ ಉಪಯೋಗವು ನಮ್ಮ ಕಾಲದ ಹೊಸ ಶೋಧವೆಂಬುದು ಎರಡು. ಶೇಷದಿಂದ ತಯಾರಾದ ವಸ್ತು ತನ್ನಿಂದ ತಾನೇ ಪ್ರಕೃತಿಗೆ ಹಿತವಾದುದೆಂಬುದು ಮೂರು. ಇವು ಮೂರೂ ಇತಿಹಾಸದ ಸಾಕ್ಷ್ಯಕ್ಕೆ ಒಳಪಡತಕ್ಕ ಹೇಳಿಕೆಗಳು. ಆದುದರಿಂದ ಇವನ್ನು ಒಂದೊಂದಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೧

ಮೊದಲು ದ್ರವ್ಯದ ಪರಿಚಯವನ್ನು ಮಾಡಿಕೊಳ್ಳೋಣ. ಮರವನ್ನಾಗಲಿ ಹುಲ್ಲುಕಡ್ಡಿಯನ್ನಾಗಲಿ ನೆಟ್ಟಗೆ ನಿಲ್ಲಿಸುವುದು ಅದರ ಕೋಶಭಿತ್ತಿ. ಆ ಭಿತ್ತಿಯಲ್ಲಿ ನಾರಿನಂತಿರುವ ಸೆಲ್ಯುಲೋಸ್ ಒಂದು ಅಂಗ. ಆ ನಾರುಗಳನ್ನು ಗಾರೆಯಂತೆ ಹಿಡಿದಿಡುವ ಲಿಗ್ನಿನ್ ಮತ್ತೊಂದು. 'ಮರ' ಎಂಬರ್ಥದ ಲ್ಯಾಟಿನ್ ಪದದಿಂದ ಈ ಹೆಸರನ್ನು ರೂಪಿಸಿದವನು ದ ಕಾಂಡೋಲ್ ಎಂಬ ಸಸ್ಯಶಾಸ್ತ್ರಜ್ಞ, ಅದು ೧೮೧೩ರಲ್ಲಿ. ೧೮೩೮ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಎಂಬಾತನು ಮರವನ್ನು ಆಮ್ಲದಿಂದಲೂ ಕ್ಷಾರದಿಂದಲೂ ಸಂಸ್ಕರಿಸಿ ಸೆಲ್ಯುಲೋಸನ್ನು ಬೇರ್ಪಡಿಸಿದನು. ಕರಗಿಹೋದ ಭಾಗವನ್ನು ನಾರಿಗೆ ಮೆತ್ತಿಕೊಂಡಿದ್ದ ಹೊದಿಕೆಯೆಂದು ವರ್ಣಿಸಿದನು. ಈ ಪ್ರಯೋಗದ ಕ್ರಮವನ್ನು ಗಮನಿಸಬೇಕು. ಬೇಕಾದುದು ನಾರು, ಕರಗಿ ಹೋಗಬೇಕಾದುದು ಲಿಗ್ನಿನ್ ಎಂಬ ದೃಷ್ಟಿ ಅಂದೇ ಮೂಡಿದ್ದಿತು. ಮುಂದೆ ಬಂದ ಕಾಗದದ ಕೈಗಾರಿಕೆಯು ಇದೇ ದೃಷ್ಟಿಯನ್ನು ಬೃಹತ್ ಪ್ರಮಾಣದಲ್ಲಿ ಕಾರ್ಯಕ್ಕೆ ತಂದಿತು.

ಲಿಗ್ನಿನ್ನಿನ ರಚನೆಯನ್ನು ತಿಳಿಯಲು ವಿದ್ವಾಂಸರು ಬಹುಕಾಲ ಶ್ರಮಿಸಬೇಕಾಯಿತು. ಅದು ಕಾನಿಫೆರಿಲ್ ಮದ್ಯಸಾರದಂತಹ ಸಣ್ಣ ಘಟಕಗಳಿಂದ ಆದುದೆಂದು ಸ್ವೀಡನ್ನಿನ ಪೀಟರ್ ಕ್ಲಾಸನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಊಹಿಸಿದನು. ಜರ್ಮನಿಯ ಕಾರ್ಲ್ ಫ್ರಾಯ್ಡನ್‌ಬರ್ಗ್ ಇಪ್ಪತ್ತನೆಯ ಶತಮಾನದ ಮಧ್ಯಭಾಗದ ತನ್ನ ಸಂಶೋಧನೆಗಳಿಂದ ಅದನ್ನು ದೃಢಪಡಿಸಿದನು. ಸೆಲ್ಯುಲೋಸಿನಲ್ಲಿ ಒಂದೇ ಘಟಕ ಒಂದೇ ರೀತಿಯ ಬಂಧದಿಂದ, ಹೂವಿನ ಸರದಂತೆ, ಸಾಲಾಗಿ ಜೋಡಿಸಲ್ಪಟ್ಟಿದೆ. ಲಿಗ್ನಿನ್ನಿನಲ್ಲಿಯಾದರೋ ಘಟಕಗಳು ನಾನಾ ವಿಧದ ಬಂಧಗಳಿಂದ ಎಲ್ಲ ದಿಕ್ಕುಗಳಿಗೂ ಹೆಣೆದುಕೊಂಡಿವೆ. ಮರದಿಂದ ಮರಕ್ಕೆ, ಹುಲ್ಲಿನಿಂದ ಹುಲ್ಲಿಗೆ, ಬೇರ್ಪಡಿಸುವ ಒಂದು ಕ್ರಮದಿಂದ ಮತ್ತೊಂದಕ್ಕೆ ಅದರ ಸ್ವಭಾವ ಬದಲಾಗುತ್ತದೆ. ಅದರ ಉಪಯೋಗದ ಹಾದಿಯಲ್ಲಿರುವ ಕಷ್ಟಗಳಿಗೆಲ್ಲ ಇದೇ ಮೂಲ.

ಈ ದ್ರವ್ಯ ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವೇನೂ ಅಲ್ಲ. ಹಳೆಯ ವೃತ್ತಪತ್ರಿಕೆಗಳ ಕಟ್ಟನ್ನು ಬಿಚ್ಚಿದವರೆಲ್ಲ ಅದರ ಕೆಲಸವನ್ನು ಕಂಡಿರುತ್ತಾರೆ. ೧೮೪೦ರ ದಶಕದಲ್ಲಿ ಜರ್ಮನಿಯ ಕೆಲ್ಲರ್ ಎಂಬಾತನು ಮರವನ್ನು ಅರೆದು ತಿರುಳು ಮಾಡುವ ಉಪಾಯವನ್ನು ಕಂಡುಹಿಡಿದ ಮೇಲೆ ಅಗ್ಗದ ಪತ್ರಿಕಾಕಾಗದ ಸಾಧ್ಯವಾಯಿತು. ಅರೆದ ತಿರುಳಿನಲ್ಲಿ ಲಿಗ್ನಿನ್ ಹಾಗೆಯೇ ಉಳಿಯುತ್ತದೆ. ಬೆಳಕು, ಗಾಳಿಗಳಿಗೆ ಸಿಕ್ಕಿ ಹಾಳೆ ಹಳದಿಯಾಗುತ್ತದೆ. ಕಾಗದದಲ್ಲಿರುವ ಆಮ್ಲದ ಜೊತೆಗೂಡಿ ಬೆರಳು ತಗುಲಿದರೆ ಮುರಿಯುವಷ್ಟು ಪೆಡಸಾಗುತ್ತದೆ. ಅದಕ್ಕಿಂತ ಎಷ್ಟೋ ಹಿಂದಿನ, ಚಿಂದಿಬಟ್ಟೆಯಿಂದ ಮಾಡಿದ ಕಾಗದದ ಕಡತಗಳು ಗಟ್ಟಿಯಾಗಿ ಉಳಿದಿರುವಾಗ, ಇಪ್ಪತ್ತನೆಯ ಶತಮಾನದ ಪತ್ರಿಕೆಗಳು ನಮ್ಮ ಕಣ್ಣೆದುರಿಗೇ ಪುಡಿಯಾಗುತ್ತಿವೆ. ಇದೇ ಲಿಗ್ನಿನ್ ತೆಂಗಿನ ನಾರಿನಲ್ಲಿ ಹೇರಳವಾಗಿರುವುದರಿಂದ ಕರಾವಳಿಯ ಹುರಿಹಗ್ಗವು ಉಪ್ಪುನೀರಿನಲ್ಲಿಯೂ ಬೇಗ ಕೊಳೆಯುವುದಿಲ್ಲ. ಒಂದೆಡೆ ದೋಷವೆನಿಸಿದುದು ಇನ್ನೊಂದೆಡೆ ಗುಣವೆನಿಸುತ್ತದೆ. ಕಸವೆಂಬುದು ವಸ್ತುವಿನ ಧರ್ಮವಲ್ಲ, ನೋಡುವವರ ತೀರ್ಪು ಎಂಬುದಕ್ಕೆ ಇದೇ ಮೊದಲ ಸಾಕ್ಷ್ಯ.

೨

ಈಗ ಮೊದಲ ಪ್ರತಿಜ್ಞೆಗೆ ಬರೋಣ. ಜಗತ್ತಿನ ತಿರುಳು ಕಾರ್ಖಾನೆಗಳಲ್ಲಿ ವರ್ಷಕ್ಕೆ ೫ ಕೋಟಿ ಟನ್ನುಗಳಷ್ಟು ಅಥವಾ ಅದಕ್ಕೂ ಮಿಗಿಲಾದ ಲಿಗ್ನಿನ್ ಮರದಿಂದ ಬೇರ್ಪಡುತ್ತದೆಂದೂ, ಅದರಲ್ಲಿ ಶೇಕಡ ೨ರಷ್ಟು ಮಾತ್ರ ಸರಕಾಗಿ ಮಾರಾಟವಾಗುತ್ತದೆಂದೂ ಅನೇಕ ಬರಹಗಳು ಹೇಳುತ್ತವೆ. ಅಂಕೆಯ ಬಗೆಗೆ ನಮ್ಮ ತಕರಾರಿಲ್ಲ. ಆದರೆ 'ಉಳಿದ ೯೮ ಭಾಗ ವ್ಯರ್ಥ' ಎಂದು ಮುಂದುವರಿಯುವ ತರ್ಕವು ಸರಿಯಾದುದಲ್ಲ. ಆ ೯೮ ಭಾಗ ಎಲ್ಲಿಗೆ ಹೋಗುತ್ತದೆಂಬುದನ್ನು ವಿಚಾರಿಸಿದರೆ ತರ್ಕದ ದೋಷ ಹೊರಬೀಳುತ್ತದೆ.

ಜರ್ಮನಿಯ ಕಾರ್ಲ್ ದಾಲ್ ೧೮೭೯ರಲ್ಲಿ ಡಾನ್‌ಜಿಗ್ ನಗರದಲ್ಲಿ ರೂಪಿಸಿದ ಕ್ರಮದಲ್ಲಿ ಮರದ ಚೂರುಗಳನ್ನು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಸೋಡಿಯಂ ಸಲ್ಫೈಡುಗಳ ದ್ರಾವಣದಲ್ಲಿ ಬೇಯಿಸುತ್ತಾರೆ. ಲಿಗ್ನಿನ್ ಕರಗಿ ದ್ರಾವಣ ಕಪ್ಪಾಗುತ್ತದೆ, ನಾರು ಉಳಿಯುತ್ತದೆ. ಈ ಕಪ್ಪು ದ್ರಾವಣವನ್ನು ಆವಿಯಾಗಿಸಿ ಮಂದಗೊಳಿಸಿ ಕುಲುಮೆಯಲ್ಲಿ ಉರಿಸಿದರೆ ಎರಡು ಲಾಭಗಳುಂಟು. ಲಿಗ್ನಿನ್ ಉರಿದು ಕಾರ್ಖಾನೆಗೆ ಬೇಕಾದ ಆವಿಯನ್ನೂ ವಿದ್ಯುತ್ತನ್ನೂ ಕೊಡುತ್ತದೆ. ಕುಲುಮೆಯ ತಳದಲ್ಲಿ ಸೋಡಿಯಂ ಲವಣಗಳು ಕರಗಿ ಇಳಿದು, ಸುಣ್ಣದ ಸಹಾಯದಿಂದ ಮರಳಿ ಬೇಯಿಸುವ ದ್ರಾವಣವಾಗುತ್ತವೆ. ೧೯೩೦ರ ದಶಕದಲ್ಲಿ ಕೆನಡಾದಲ್ಲಿ ಜಿ. ಎಚ್. ಟಾಮ್ಲಿನ್ಸನ್ ರೂಪಿಸಿದ ಬಾಯ್ಲರು ಈ ಎರಡು ಕಾರ್ಯಗಳನ್ನೂ ಒಂದೆಡೆ ಕೂಡಿಸಿತು. ಈ ಬಾಯ್ಲರಿನಿಂದಲೇ ದಾಲನ ಕ್ರಮವು ಜಗತ್ತಿನ ಪ್ರಧಾನ ಕ್ರಮವಾಯಿತೆಂದರೆ ಅತಿಶಯೋಕ್ತಿಯಾಗದು. ಇಲ್ಲಿಂದ ಲಿಗ್ನಿನ್ನನ್ನು ಹೊರತೆಗೆದರೆ ಅದರ ಸ್ಥಾನದಲ್ಲಿ ಬೇರೆ ಯಾವುದನ್ನಾದರೂ ಉರಿಸಲೇಬೇಕು. ಉರಿಸುವುದು ಕಲ್ಲಿದ್ದಲಾದರೆ ಬಂದ ಲಾಭವೇನು? ಆಲೆಮನೆಯಲ್ಲಿ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಒಣಗಿಸಿ ಕೊಪ್ಪರಿಗೆಯ ಕೆಳಗೆ ಉರಿಸುವ ರೈತನಿಗೆ 'ನಿನ್ನ ಸಿಪ್ಪೆ ವ್ಯರ್ಥವಾಗುತ್ತಿದೆ' ಎಂದು ಯಾರಾದರೂ ಹೇಳಿದರೆ ಅವನು ನಕ್ಕಾನು.

ಆದರೆ ಈ ವಾದವನ್ನು ಎಲ್ಲೆಡೆಗೂ ಹಬ್ಬಿಸಲಾಗದು. ಹುಲ್ಲು, ಕಬ್ಬಿನ ಸಿಪ್ಪೆಗಳಿಂದ ತಿರುಳು ಮಾಡುವ ಸಣ್ಣ ಕಾರ್ಖಾನೆಗಳು ಭಾರತದಲ್ಲಿ ಅನೇಕವಾಗಿ ಎದ್ದುವು. ಹುಲ್ಲಿನಲ್ಲಿ ಸಿಲಿಕಾ ಹೆಚ್ಚು. ಅದು ಕಪ್ಪು ದ್ರಾವಣವನ್ನು ಜಿಗುಟಾಗಿಸಿ ಕೊಳವೆಗಳಿಗೆ ಅಂಟುತ್ತದೆ. ಪುನಃಪ್ರಾಪ್ತಿಯ ಬಾಯ್ಲರು ದುಬಾರಿಯೂ ಹೌದು. ಹೀಗಾಗಿ ಇಂತಹ ಎಷ್ಟೋ ಕಾರ್ಖಾನೆಗಳು ಕಪ್ಪು ದ್ರಾವಣವನ್ನು ಹಳ್ಳಕೊಳ್ಳಗಳಿಗೇ ಬಿಟ್ಟುವು. ಲಿಗ್ನಿನ್ ಬೇಗ ಕೊಳೆಯುವುದಿಲ್ಲವಾದುದರಿಂದ ನೀರಿನ ಕಪ್ಪು ಬಹುದೂರದವರೆಗೆ ಹೋಗದು. ಇಲ್ಲಿ ಲಿಗ್ನಿನ್ ವ್ಯರ್ಥವಷ್ಟೇ ಅಲ್ಲ, ವಿಷಮವೂ ಹೌದು. ಆದುದರಿಂದ 'ಲಿಗ್ನಿನ್ ವ್ಯರ್ಥವಾಗುತ್ತಿದೆ' ಎಂಬ ಸಾಮಾನ್ಯ ವಾಕ್ಯವು ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ಯಾವ ಕಾರ್ಖಾನೆಯ, ಯಾವ ಕ್ರಮದ, ಯಾವ ಸಸ್ಯದ ಲಿಗ್ನಿನ್ ಎಂಬುದನ್ನು ಹೇಳಿದ ಹೊರತು ಅದಕ್ಕೆ ಅರ್ಥವಿಲ್ಲ.

೩

ಎರಡನೆಯ ಪ್ರತಿಜ್ಞೆಯನ್ನು ಇತಿಹಾಸವು ಇನ್ನೂ ಸ್ಪಷ್ಟವಾಗಿ ನಿರಾಕರಿಸುತ್ತದೆ. ೧೮೭೪ರಲ್ಲಿಯೇ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬಿಬ್ಬರು ಪೈನ್ ಮರದ ರಸದಲ್ಲಿರುವ ಕಾನಿಫೆರಿನ್ನಿನಿಂದ, ಎಂದರೆ ಲಿಗ್ನಿನ್ನಿಗೆ ಹತ್ತಿರದ ಬಂಧುವಾದ ಪದಾರ್ಥದಿಂದ, ವೆನಿಲ್ಲಾದ ಸುಗಂಧವಾದ ವೆನಿಲಿನ್ನನ್ನು ತಯಾರಿಸಿದರು. ೧೯೩೦ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿಯೂ ಕೆನಡಾದಲ್ಲಿಯೂ ಸಲ್ಫೈಟ್ ಕ್ರಮದ ಕಾರ್ಖಾನೆಗಳ ತ್ಯಾಜ್ಯದ್ರಾವಣದಿಂದಲೇ ವೆನಿಲಿನ್ ತೆಗೆಯುವ ಉದ್ಯಮ ಆರಂಭವಾಯಿತು. ನದಿಗಳು ಕೆಡುತ್ತಿವೆಯೆಂಬ ದೂರೂ ಈ ಶೋಧಗಳಿಗೆ ಒಂದು ಪ್ರೇರಣೆ. ೧೯೮೧ರ ವೇಳೆಗೆ ಕೆನಡಾದ ಒಂಟಾರಿಯೋ ಪ್ರಾಂತದ ಥೊರಾಲ್ಡ್ ಎಂಬಲ್ಲಿದ್ದ ಒಂದೇ ಕಾಗದದ ಕಾರ್ಖಾನೆ ಜಗತ್ತಿನ ಸಂಯೋಜಿತ ವೆನಿಲಿನ್ ಪೂರೈಕೆಯ ಶೇಕಡ ೬೦ರಷ್ಟನ್ನು ಒದಗಿಸುತ್ತಿದ್ದಿತು. ಶೇಷದಿಂದ ಸಂಪತ್ತು ಎಂಬುದಕ್ಕೆ ಇದಕ್ಕಿಂತ ಉಜ್ವಲವಾದ ನಿದರ್ಶನ ಬೇಕೆ?

ಆದರೆ ಆರು ವರ್ಷಗಳ ತರುವಾಯ, ೧೯೮೭ರಲ್ಲಿ, ಆ ವೆನಿಲಿನ್ ಘಟಕ ಮುಚ್ಚಿತು. ಕಾರಣಗಳು ಶೋಧನೀಯವಾಗಿವೆ. ಒಂದು ಕಿಲೋಗ್ರಾಂ ವೆನಿಲಿನ್ನಿಗೆ ೧೬೦ ಕಿಲೋಗ್ರಾಂಗೂ ಮಿಕ್ಕಿದ ಕ್ಷಾರಯುಕ್ತ ತ್ಯಾಜ್ಯ ಹೊರಬೀಳುತ್ತಿದ್ದಿತು. ಅದರ ವಿಲೇವಾರಿ ದುಸ್ಸಾಧ್ಯವಾಯಿತು. ಕಾಗದದ ಕಾರ್ಖಾನೆಗಳು ಸಲ್ಫೈಟ್ ಕ್ರಮವನ್ನು ಬಿಡುತ್ತ ಬಂದುವು. ಪೆಟ್ರೋಲಿಯಂ ಮೂಲದ ಗ್ವಾಯಕಾಲಿನಿಂದ ವೆನಿಲಿನ್ ತಯಾರಿಸುವುದು ಅಗ್ಗವಾಯಿತು. ಇಂದು ಮಾರುಕಟ್ಟೆಯ ಬಹುಪಾಲು ಅದೇ. ಕಸವನ್ನು ರಸವಾಗಿಸುವ ಕೆಲಸವು ತಾನೇ ಹೆಚ್ಚಿನ ಕಸವನ್ನು ಹುಟ್ಟಿಸಿದ ಈ ಪ್ರಸಂಗವನ್ನು ಜನಪ್ರಿಯ ಕಥನಗಳು ಮರೆಯುವುದು ಆಕಸ್ಮಿಕವಲ್ಲ. ನೆನಪಿಟ್ಟುಕೊಂಡರೆ ಕಥನದ ಸೊಗಸು ಕೆಡುತ್ತದೆ.

ನಮ್ಮ ನಾಡಿನಲ್ಲಿಯೂ ಇಂತಹ ಒಂದು ಅಧ್ಯಾಯವುಂಟು. ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಆರಂಭವಾದಾಗ ಅದರ ಊದುಕುಲುಮೆಗೆ ಇದ್ದಲೇ ಇಂಧನ. ಇದ್ದಲಿಗಾಗಿ ಮಲೆನಾಡಿನ ಕಟ್ಟಿಗೆಯನ್ನು ಗಾಳಿ ತಾಗದಂತೆ ಕಾಯಿಸಿ, ಹೊರಡುವ ಆವಿಯಿಂದ ಮೆಥನಾಲು, ಅಸಿಟೇಟು, ಟಾರು ಮೊದಲಾದುವನ್ನು ಹಿಡಿಯುವ ದೊಡ್ಡ ಸ್ಥಾವರವನ್ನು ಕಾರ್ಖಾನೆಯ ಅಂಗವಾಗಿಯೇ ಕಟ್ಟಲಾಗಿದ್ದಿತು. ಈ ಮೆಥನಾಲು ಬಹುಮಟ್ಟಿಗೆ ಲಿಗ್ನಿನ್ನಿನ ಮೆಥಾಕ್ಸಿ ಗುಂಪುಗಳಿಂದ ಬರತಕ್ಕದ್ದು. ಟಾರಿನಲ್ಲಿರುವ ಗ್ವಾಯಕಾಲಿನಂತಹ ಪದಾರ್ಥಗಳೂ ಲಿಗ್ನಿನ್ನಿನ ಒಡೆದ ಚೂರುಗಳೇ. ಲಿಗ್ನಿನ್ ಎಂಬ ಹೆಸರನ್ನು ಹೇಳದೆಯೇ ಮೈಸೂರು ಸಂಸ್ಥಾನವು ಲಿಗ್ನಿನ್ನಿನ ಕೈಗಾರಿಕೆಗೆ ಕೈಹಾಕಿದ್ದಿತೆನ್ನಬಹುದು. ಇತಿಹಾಸದ ವ್ಯಂಗ್ಯವೆಂದರೆ, ಅದೇ ೧೯೨೩ರಲ್ಲಿ ಜರ್ಮನಿಯ ಲಾಯ್ನ ಎಂಬಲ್ಲಿ ಅನಿಲಗಳಿಂದ ಮೆಥನಾಲನ್ನು ಸಂಯೋಜಿಸುವ ಕಾರ್ಯ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಈ ಸಂಯೋಜಿತ ಮೆಥನಾಲು ಜಗತ್ತಿನ ಮಾರುಕಟ್ಟೆಗೆ ನುಗ್ಗಿ, ಕಟ್ಟಿಗೆಯಿಂದ ಬಟ್ಟಿಯಿಳಿಸಿದುದರ ಬೆಲೆಯನ್ನು ಕುಗ್ಗಿಸಿತು. ಭದ್ರಾವತಿಯ ಯೋಜಕರ ರಸಾಯನಶಾಸ್ತ್ರದಲ್ಲಿ ತಪ್ಪಿರಲಿಲ್ಲ; ಉಪೋತ್ಪನ್ನದ ಬೆಲೆಯನ್ನು ನಿರ್ಧರಿಸುವ ಶಕ್ತಿಗಳು ಮೈಸೂರಿನಲ್ಲಿರಲಿಲ್ಲ, ಅಷ್ಟೆ. 'ಲಿಗ್ನಿನ್ನಿನಿಂದ ಹಣವೊಂದನ್ನು ಬಿಟ್ಟು ಬೇರೆಲ್ಲವನ್ನೂ ಮಾಡಬಹುದು' ಎಂಬ ಹಾಸ್ಯದ ಮಾತು ಕಾಗದದ ಉದ್ಯಮದವರಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ಆ ಮಾತಿನ ಹಿಂದೆ ಇಂತಹ ಅನುಭವಗಳ ಪರಂಪರೆಯೇ ಇದೆ.

ಹಾಗೆಂದು ಎಲ್ಲವೂ ಸೋಲೆಂದು ತಿಳಿಯಬಾರದು. ಸಲ್ಫೈಟ್ ದ್ರಾವಣದಿಂದ ದೊರೆಯುವ ಲಿಗ್ನೋಸಲ್ಫೊನೇಟ್ ಅನೇಕ ದಶಕಗಳಿಂದ ಕಾಂಕ್ರೀಟಿಗೆ ಬೆರೆಸುವ ದ್ರವ್ಯವಾಗಿಯೂ, ಚರ್ಮ ಹದಮಾಡುವುದಕ್ಕೂ, ಮಣ್ಣುರಸ್ತೆಯ ಧೂಳನ್ನು ಅಡಗಿಸುವುದಕ್ಕೂ ಬಳಕೆಯಲ್ಲಿದೆ. ನಾರ್ವೆಯ ಸಾರ್ಪ್ಸ್‌ಬೋರ್ಗ್ ನಗರದ ಬೋರೆಗಾರ್ಡ್ ಸಂಸ್ಥೆ ೧೯೬೨ರಿಂದ ಸ್ಪ್ರೂಸ್ ಮರದ ಲಿಗ್ನಿನ್ನಿನಿಂದ ವೆನಿಲಿನ್ನನ್ನು ತಯಾರಿಸುತ್ತ ಬಂದಿದೆ. ಅದು ವೆನಿಲಿನ್ನೊಂದನ್ನೇ ನಂಬಿಲ್ಲ. ಅದೇ ಮರದಿಂದ ಸೆಲ್ಯುಲೋಸ್, ಮದ್ಯಸಾರ, ಲಿಗ್ನೋಸಲ್ಫೊನೇಟುಗಳನ್ನೂ ತೆಗೆದು ಮಾರುತ್ತದೆ. ಗೆದ್ದ ಉದಾಹರಣೆಗಳಲ್ಲಿ ಎರಡು ಲಕ್ಷಣಗಳು ಕಾಣುತ್ತವೆ: ಲಿಗ್ನಿನ್ನನ್ನು ಬಹಳ ಒಡೆಯದೆ ಇದ್ದಂತೆಯೇ ಬಳಸುವುದು ಒಂದು, ಒಡೆಯುವುದಾದರೆ ಇಡೀ ಮರದ ಲೆಕ್ಕದಲ್ಲಿ ಅದನ್ನು ಸೇರಿಸುವುದು ಇನ್ನೊಂದು.

೪

ಮೂರನೆಯ ಪ್ರತಿಜ್ಞೆಯೇ ನಮ್ಮ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದುದು. ಶೇಷದಿಂದ ಬಂದುದೆಲ್ಲ ಸುಸ್ಥಿರವೆಂಬ ನಂಬಿಕೆಯ ತಳದಲ್ಲಿ 'ಶೇಷ' ಎಂಬ ಪದದ ಅಧಿಕಾರವಿದೆ. ಯಾವುದನ್ನು ಶೇಷವೆಂದು ಕರೆಯಬೇಕೆಂಬುದನ್ನು ನಿಶ್ಚಯಿಸುವವರಾರು?

ಕಂದಾಯದ ಕಡತಗಳನ್ನು ಓದಿದವರಿಗೆ 'ಖರಾಬು' ಎಂಬ ಪದದ ಪರಿಚಯವಿದ್ದೇ ಇರುತ್ತದೆ. ಸರ್ಕಾರಕ್ಕೆ ಕಂದಾಯ ತಾರದ ನೆಲವೆಲ್ಲ ಖರಾಬು. ಊರ ದನಗಳು ಮೇಯುವ ಬಯಲು, ಗಾಡಿದಾರಿ, ಹಳ್ಳದ ದಂಡೆ ಇವೆಲ್ಲವೂ ಆ ಹೆಸರಿನ ಕೆಳಗೆ ಬಂದುವು. ಊರಿನವರಿಗೆ ಜೀವನಾಧಾರವಾದುದು ಕಡತದಲ್ಲಿ ಕೆಟ್ಟ ನೆಲವಾಯಿತು. ೧೯೮೪ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿ, ತಿರುಳಿಗಾಗಿ ನೀಲಗಿರಿ ಬೆಳೆಸಲು ಸುಮಾರು ೩೦,೦೦೦ ಹೆಕ್ಟೇರು ನೆಲವನ್ನು ಕೊಡಲು ಯೋಜಿಸಿದಾಗಲೂ ಇದೇ ವಾದ ಕೇಳಿಬಂದಿತು: ಅದು ಹಾಳುಬಿದ್ದ ನೆಲ, ಉಪಯೋಗಕ್ಕೆ ತರುವುದೇ ಲೇಸು ಎಂದು. ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ೧೯೮೭ರ ನವೆಂಬರ್ ೧೪ರಂದು ಗ್ರಾಮಸ್ಥರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹವು ಆ ವಾದಕ್ಕೆ ಕೊಟ್ಟ ಉತ್ತರ. ೧೯೯೧ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು. ಬಿದಿರಿನ ಕಥೆಯೂ ಇದಕ್ಕೆ ದೂರವಾದುದಲ್ಲ. ದಾಂಡೇಲಿಯಲ್ಲಿ ೧೯೫೦ರ ದಶಕದ ಕೊನೆಗೆ ಕಾಗದದ ಉತ್ಪಾದನೆ ತೊಡಗಿದ ಮೇಲೆ ಉತ್ತರ ಕನ್ನಡದ ಬಿದಿರು ಅತ್ಯಲ್ಪ ದರಕ್ಕೆ ಕಾರ್ಖಾನೆಗೆ ದೊರೆಯಿತು. ಬುಟ್ಟಿ ಹೆಣೆಯುವ ಮೇದರು ಅದೇ ಬಿದಿರಿಗೆ ಎಷ್ಟೋ ಪಟ್ಟು ಹೆಚ್ಚು ಬೆಲೆ ತೆರಬೇಕಾಯಿತು.

ಇಂದು ನೆಲದ ಸ್ಥಾನದಲ್ಲಿ ಹುಲ್ಲು ಬಂದಿದೆ. ಪಂಜಾಬ್, ಹರಿಯಾಣಗಳಲ್ಲಿ ಯಂತ್ರದ ಕೊಯಿಲಿನಿಂದ ಗದ್ದೆಯಲ್ಲಿಯೇ ಉಳಿಯುವ ಭತ್ತದ ಕೂಳೆಗೆ ಬೆಂಕಿಯಿಡುವುದು ದೊಡ್ಡ ಪಿಡುಗೆಂಬುದು ನಿಜ. ೨೦೨೨ರ ಆಗಸ್ಟ್ ೧೦ರಂದು ಪಾಣಿಪತ್ತಿನಲ್ಲಿ ಉದ್ಘಾಟಿತವಾದ ಎಥನಾಲ್ ಕಾರ್ಖಾನೆಯು ವರ್ಷಕ್ಕೆ ಸುಮಾರು ೨ ಲಕ್ಷ ಟನ್ ಹುಲ್ಲಿನಿಂದ ಸುಮಾರು ೩ ಕೋಟಿ ಲೀಟರ್ ಎಥನಾಲ್ ತೆಗೆಯಬೇಕೆಂಬ ಗುರಿಯಿಂದ ಕಟ್ಟಲ್ಪಟ್ಟಿತು. ಇಂತಹ ಕಾರ್ಖಾನೆಗಳಲ್ಲಿ ಸಕ್ಕರೆಯ ಭಾಗವನ್ನು ತೆಗೆದ ಮೇಲೆ ಉಳಿಯುವುದು ಲಿಗ್ನಿನ್. ಅದಕ್ಕೆ ಒಳ್ಳೆಯ ಉಪಯೋಗವನ್ನು ಹುಡುಕುವುದು ಸರ್ವಥಾ ಯುಕ್ತ. ೨೦೧೫ರಿಂದ ನೆದರ್‌ಲೆಂಡ್ಸಿನಲ್ಲಿಯೂ, ೨೦೨೪ರ ಡಿಸೆಂಬರಿನಲ್ಲಿ ನಾಗಪುರದ ಬಳಿಯ ಮಾನಸರದ ಹೆದ್ದಾರಿಯಲ್ಲಿಯೂ ಡಾಂಬರಿಗೆ ಲಿಗ್ನಿನ್ ಬೆರೆಸಿ ರಸ್ತೆ ಹಾಸಿದ ಪ್ರಯೋಗಗಳು ನಡೆದಿವೆ. ಪ್ಲೈವುಡ್ಡಿನ ಅಂಟಿನಲ್ಲಿ ಫೀನಾಲಿನ ಒಂದು ಭಾಗಕ್ಕೆ ಬದಲಾಗಿಯೂ ಅದು ಬರುತ್ತಿದೆ. ಇವೆಲ್ಲ ಸ್ವಾಗತಾರ್ಹವಾದುವು.

ಆದರೆ ಪಾಣಿಪತ್ತಿನ ನ್ಯಾಯವನ್ನು ನಮ್ಮ ಬಯಲುಸೀಮೆಗೆ ಹಾಗೆಯೇ ಅನ್ವಯಿಸಬಹುದೆ? ಇಲ್ಲಿ ರಾಗಿಯ ಹುಲ್ಲು ಬಣವೆಯಾಗುತ್ತದೆ. ಜೋಳದ ಕಣಿಕೆ ಎತ್ತುಗಳ ಮೇವಾಗುತ್ತದೆ. ಮೆಂದುಳಿದುದು ಕೊಟ್ಟಿಗೆಯ ಕಸವಾಗಿ ತಿಪ್ಪೆಗೆ ಸೇರಿ, ಬೇಸಗೆಯಲ್ಲಿ ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ. ಬೇಗ ಕೊಳೆಯದ ಲಿಗ್ನಿನ್ನೇ ಮಣ್ಣಿನಲ್ಲಿ ನಿಧಾನವಾಗಿ ಮಾರ್ಪಟ್ಟು ಅದರ ಸಾರವನ್ನು ಹಿಡಿದಿಡುವುದರಲ್ಲಿ ನೆರವಾಗುತ್ತದೆ. ರೈತನ ಮಾತಿನಲ್ಲಿ 'ಕಸ' ಎಂದರೆ ಎಸೆಯತಕ್ಕದ್ದಲ್ಲ. ಮುಂದಿನ ಬೆಳೆಯ ಮೂಲಧನ. ಈ ಹುಲ್ಲಿಗೆ ಕಾರ್ಖಾನೆ ಬೆಲೆ ಕಟ್ಟಿದರೆ, ಹೊಲವುಳ್ಳವನಿಗೆ ನಾಲ್ಕು ಕಾಸು ಬರಬಹುದು. ಹೊಲವಿಲ್ಲದೆ ಒಂದೆರಡು ದನ ಕಟ್ಟಿಕೊಂಡವನು ಮೇವಿಗೆ ಹೆಚ್ಚು ಬೆಲೆ ತೆರಬೇಕಾದೀತು. ಮೇದರಿಗೆ ಬಿದಿರಿನಲ್ಲಿ ಆದುದು ಇವನಿಗೆ ಹುಲ್ಲಿನಲ್ಲಿ ಆಗಬಾರದು.

ಇನ್ನೊಂದು ಅಂಶ. ಶೇಷವನ್ನು ನಂಬಿದ ಉದ್ಯಮವು ಮೂಲದ ಉದ್ಯಮಕ್ಕೆ ಅಧೀನವಾದುದು. ಫಿನ್ಲೆಂಡಿನ ಸುನಿಲಾ ಕಾರ್ಖಾನೆಯಲ್ಲಿ ೨೦೧೫ರಲ್ಲಿ ವರ್ಷಕ್ಕೆ ೫೦,೦೦೦ ಟನ್ ಸಾಮರ್ಥ್ಯದ ಲಿಗ್ನಿನ್ ಘಟಕ ಆರಂಭವಾಗಿ ಜಗತ್ತಿನ ಗಮನವನ್ನು ಸೆಳೆದಿದ್ದಿತು. ೨೦೨೩ರಲ್ಲಿ ಆ ತಿರುಳು ಕಾರ್ಖಾನೆಯೇ ಮುಚ್ಚಿತು. ಲಿಗ್ನಿನ್ನಿಗೆ ಬೇಡಿಕೆಯಿದ್ದರೂ ತಿರುಳಿನ ಲೆಕ್ಕ ಸರಿಹೋಗದಿದ್ದಲ್ಲಿ ಶೇಷ ಎಲ್ಲಿಂದ ಬರಬೇಕು? ಬೇರು ಒಣಗಿದ ಮೇಲೆ ರೆಂಬೆಗೆ ನೀರೆರೆದು ಫಲವಿಲ್ಲ.

೫

ಹಾಗಾದರೆ ನಮ್ಮ ವಿಮರ್ಶೆಯ ಸಾರವೇನು? ಲಿಗ್ನಿನ್ನಿನ ಸಂಶೋಧನೆ ಬೇಡವೆಂದು ನಾವು ಹೇಳುತ್ತಿಲ್ಲ. ಪೆಟ್ರೋಲಿಯಮ್ಮಿನ ಬದಲಿಗೆ ಬೇರೆ ಆಕರಗಳನ್ನು ಅರಸುವುದು ಇಂದಿನ ಅನಿವಾರ್ಯತೆ. ಸುಗಂಧಿ ವಲಯಗಳುಳ್ಳ ಇಂಗಾಲದ ಸಂಯುಕ್ತಗಳನ್ನು ಪ್ರಕೃತಿಯು ಇಷ್ಟು ಹೇರಳವಾಗಿ ಒದಗಿಸುವ ಆಕರ ಇನ್ನೊಂದಿಲ್ಲ. ನಮ್ಮ ಆಕ್ಷೇಪವಿರುವುದು ಇತಿಹಾಸವನ್ನು ಬಿಟ್ಟು ಹೇಳುವ ಕಥನದ ಬಗೆಗೆ. ಇಂತಹ ಯಾವ ಯೋಜನೆಯೇ ಬರಲಿ, ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಈ ಶೇಷವು ಈವರೆಗೆ ಯಾವ ಕೆಲಸವನ್ನು ಮಾಡುತ್ತಿದ್ದಿತು? ಅದನ್ನು ತೆಗೆದರೆ ಆ ಸ್ಥಾನಕ್ಕೆ ಏನು ಬರುತ್ತದೆ? ಹೊಸ ಕ್ರಮದಿಂದ ಹೊರಬೀಳುವ ಶೇಷವೆಷ್ಟು? ಲಾಭ ಯಾರಿಗೆ, ನಷ್ಟ ಯಾರಿಗೆ? ಥೊರಾಲ್ಡಿನಲ್ಲಿ ಮೂರನೆಯ ಪ್ರಶ್ನೆಯನ್ನು ಕೇಳಲು ತಡವಾಯಿತು. ಕುಸನೂರಿನಲ್ಲಿ ನಾಲ್ಕನೆಯದನ್ನು ಗ್ರಾಮಸ್ಥರೇ ಎದ್ದು ಕೇಳಬೇಕಾಯಿತು.

ನಮ್ಮ ಕಾಲೇಜುಗಳಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಲಿಗ್ನಿನ್ನಿನ ಬಂಧಗಳನ್ನು ಓದುತ್ತಾರೆ; ಇತಿಹಾಸದ ವಿದ್ಯಾರ್ಥಿಗಳು ಕಂದಾಯದ ಪದ್ಧತಿಗಳನ್ನು ಓದುತ್ತಾರೆ. ಎರಡು ವರ್ಗಗಳೂ ಒಂದೇ ವಸ್ತುವಿನ ಎರಡು ಮುಖಗಳನ್ನು ನೋಡುತ್ತಿವೆಯೆಂಬ ಅರಿವು ಎರಡಕ್ಕೂ ಇಲ್ಲ. ಭದ್ರಾವತಿಯ ಕಟ್ಟಿಗೆಯ ಸ್ಥಾವರದ ಲೆಕ್ಕಪತ್ರಗಳನ್ನು ರಸಾಯನಶಾಸ್ತ್ರ ಬಲ್ಲವನೊಬ್ಬನೂ ಇತಿಹಾಸ ಬಲ್ಲವನೊಬ್ಬನೂ ಜೊತೆಗೂಡಿ ಓದಿದರೆ ಅದರಿಂದ ನಾಡಿಗೆ ದೊರೆಯುವ ತಿಳುವಳಿಕೆ ಅಲ್ಪವಾದುದಾಗಿರಲಾರದು. ಹಿಂದಿನ ರಸವಾದಿಗಳು ಕೀಳುಲೋಹವನ್ನು ಚಿನ್ನವಾಗಿಸಲು ಸಿದ್ಧರಸವನ್ನು ಅರಸಿದರು. ಇಂದಿನವರಿಗೆ ಬೇಕಾದುದು ಅಂತಹ ರಸವಲ್ಲ, ಪೂರ್ಣವಾದ ಲೆಕ್ಕ. ಕಸವೆಂದು ಕರೆಯುವ ಮೊದಲು ಅದು ಯಾರ ಮನೆಯ ಕಸವೆಂದು ಕೇಳುವ ಸೌಜನ್ಯವಿದ್ದಲ್ಲಿ, ಅದರಿಂದ ತೆಗೆಯುವ ರಸವೂ ಎಲ್ಲರಿಗೆ ಹಿತವಾದೀತು.